ಸೂಜಿ ಹಾಕಿಸಿಕೊಂಡೆ, ಅಕ್ಕಾ

ಮಾಳವಾಡ, ಹಳಿಯಾಳ ತಾಲ್ಲೂಕು
೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಜ್ಯೂಲಿ ಅಕ್ಕನಿಗೆ,

ನಿನ್ನ ತಂಗಿ ಸ್ಟೆಲ್ಲಾಳ ನಮಸ್ಕಾರಗಳು. ನಾವೆಲ್ಲ ಆರಾಮಾಗಿದ್ದೇವೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಕಾನ್ವೆಂಟಿನಲ್ಲಿ ಸಿಸ್ಟರ್ ಆಗುವ ತರಬೇತಿಯಲ್ಲಿ ಇರುವವರಿಗೆ ಫೋನ್ ಇಲ್ಲ, ಕಾಗದವೇ ಗತಿ ಎಂದು ಗೊತ್ತು. ಆದರೆ ಪೆನ್ನು ಹಿಡಿದರೆ ಸಿಟ್ಟೇ ಬರುತ್ತಿತ್ತು. ಬರೆದು ಹರಿದು ಹಾಕಿದ್ದೂ ಆಯಿತು.

ನನ್ನ ಆರೋಗ್ಯ ಕೇಳಿದ್ದೆ. ಆರು ತುಂಬಿ ಏಳರಲ್ಲಿ ಬಿದ್ದಿದೆ. ಮಗು ಚೆನ್ನಾಗಿ ಒದೆಯುತ್ತದೆ. ಕಾಲಿಗೆ ಸ್ವಲ್ಪ ಬಾವು ಬರುತ್ತದೆ, ಅಷ್ಟೇ. ನಮ್ಮ ಮನೆಯವರು, ಅಂಕುಶ, ಈಗಲೂ ಮೌಳಂಗಿಯ ಹೋಮ್‌ಸ್ಟೇಯಲ್ಲೇ ಅಡುಗೆ ಕೆಲಸಕ್ಕಿದ್ದಾರೆ. ಶನಿವಾರ, ಭಾನುವಾರ ಜನ ಬರುವುದರಿಂದ ವಾರದ ನಡುವೆ ಒಂದು ದಿನ ಮನೆಗೆ ಬಂದು ಹೋಗುತ್ತಾರೆ. ಉಳಿದ ದಿನ ನಾನು, ಅತ್ತೆ ಇಬ್ಬರೇ.

ಈ ಸಲ ಅತ್ತೆಗೂ ನನಗೂ ಸರಿಹೋಗಲಿಲ್ಲ ಅಕ್ಕಾ. ಕಾರಣ ಕೇಳಿದರೆ ನಗುತ್ತೀಯೇನೋ. ಬಸುರಿಯರಿಗೆ ಹಾಕುವ ಧನುರ್ವಾಯು ಸೂಜಿ.

ನೀನು ಮೇ ತಿಂಗಳಲ್ಲಿ ಬಂದು ಹೋದ ಮೇಲೆ ನಮ್ಮ ಆಶಾ ಕಾರ್ಯಕರ್ತೆ ಮಾಲವ್ವ ಮನೆಗೆ ಬಂದಳು. "ಈ ಸೂಜಿ ನಿಂಗಷ್ಟ ಅಲ್ಲವ್ವ, ಹೊಟ್ಯಾಗಿನ ಕೂಸನ್ನೂ ಕಾಯ್ತೈತಿ. ಹುಟ್ಟಿದ ಮ್ಯಾಲ ಅದಕ್ಕ ಧನುರ್ವಾಯು ಆಗಬಾರ್ದು," ಅಂದಳು. ನಾನು ಹೂಂ ಅನ್ನುವ ಮೊದಲೇ ಅತ್ತೆ ಒಳಗಿಂದ ಬಂದರು. "ನಾ ನಾಕ ಹಡದೇನಿ. ಒಂದ ಸೂಜಿ ಚುಚ್ಚಿಸಿಕೊಂಡಿಲ್ಲ. ನೀ ಹೋಗ ಮಾಲವ್ವ."

ಅವರಿಗೆ ಹೆದರಿಕೆ. ಪಕ್ಕದ ಮನೆಯ ಸೋಮಿಬಾಯಿಯ ಸೊಸೆಗೆ ಹೋದ ವರ್ಷ ಸೂಜಿ ಹಾಕಿದ ಕೆಲವು ದಿನಕ್ಕೆ ಬಸಿರು ಇಳಿಯಿತು. ಬಾವಿಯ ಹತ್ತಿರ ಜಾರಿ ಬಿದ್ದು ಹಾಗಾಯಿತೆಂದು ಆ ಹುಡುಗಿಯೇ ಹೇಳುತ್ತಾಳೆ. ಆದರೆ ಊರಲ್ಲಿ ಉಳಿದದ್ದು ಸೂಜಿಯ ಮಾತು ಮಾತ್ರ.

ಅಂಕುಶ ಮನೆಗೆ ಬಂದಾಗ ಕೇಳಿದೆ. "ನಾಟಿ ಮುಗೀಲಿ, ಇಬ್ರೂ ಕೂಡಿ ಹೋಗೂಣು," ಅಂದರು. ನಾಟಿ ಮುಗಿಯಿತು. "ಅವ್ವನ ಮನಸ್ಸಿಗಿ ನೋವ ಮಾಡೂದು ಬ್ಯಾಡ, ಸ್ವಲ್ಪ ತಡಿ," ಅಂದರು. ಅವರ ಅವ್ವನಿಗೆ ಮನಸ್ಸಿದೆ, ನನಗೆ ಹೊಟ್ಟೆ ಮಾತ್ರ ಇದೆ.

ಜುಲೈ ತಿಂಗಳಲ್ಲಿ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಅಲ್ಲಿಯ ನರ್ಸ್ ತಲೆ ಎತ್ತದೆ, "ನಿಂಗ ಒಬ್ಬಾಕಿಗಿ ಹತ್ತ ಮಂದಿ ಲಸಿಕಿ ಬಾಟ್ಲಿ ಒಡಿಯಾಕ ಬರೂದಿಲ್ಲ. ಇನ್ನಷ್ಟ ಮಂದಿ ಕೂಡಲಿ. ಗುರುವಾರ ಬಾ," ಅಂದಳು. ಗುರುವಾರ ಹೋದೆ. "ಲಸಿಕಿ ಬಂದಿಲ್ಲ," ಅಂದಳು. ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತು ಕಣ್ಣೀರು ಹಾಕಿದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಮನೆಗೆ ಹೋದರೆ ಅತ್ತೆ, "ನೋಡ, ದೇವ್ರಿಗೂ ಮನಸಿಲ್ಲ," ಅಂದು ಸಮಾಧಾನದಿಂದ ಊಟಕ್ಕೆ ಬಡಿಸಿದರು.

ಆಗಸ್ಟ್ ತಿಂಗಳಲ್ಲಿ ಮಾಲವ್ವ ತಾನೇ ಬಂದು ಕರೆದಳು. ಅತ್ತೆ ಹೊಸ್ತಿಲಲ್ಲಿ ಕುಳಿತುಬಿಟ್ಟರು. "ನನ್ನ ದಾಟಿ ಹೋಗಾಕಿ ಆದ್ರ ಹೋಗ," ಅಂದರು. ನಾನು ಅವರ ಪಕ್ಕದಲ್ಲೇ ಕುಳಿತು, "ಅತ್ತಿ, ನೀವೂ ಬರ್ರಿ. ನನ್ನ ಕೈ ಹಿಡ್ಕೊರ್ರಿ," ಅಂದೆ. ಬರಲಿಲ್ಲ. ಆದರೆ ಕೊನೆಗೆ ಕಾಲು ಮಡಚಿ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಅದೇ ನರ್ಸ್. "ಎಷ್ಟ ತಡಾ ಮಾಡಿ ಬಂದೀ. ನೀವು ಸಿದ್ದಿ ಮಂದಿ ಹೇಳಿದಾಗ ಎಂದೂ ಬರೂದಿಲ್ಲ ನೋಡ," ಅಂದಳು. ನನ್ನ ಮೈಯೆಲ್ಲ ಉರಿಯಿತು. "ಬಂದಿದ್ದೆನ್ರಿ. ಎರಡೂ ಸಲ ನೀವ ಹಿಂದಕ ಕಳಿಸೀರಿ," ಅಂದೆ. ಸಾಲಿನಲ್ಲಿ ಕುಳಿತ ಹೆಂಗಸರೆಲ್ಲ ತಿರುಗಿ ನೋಡಿದರು. ಅವಳು ಹತ್ತಿಯಿಂದ ತೋಳು ಒರೆಸಿ ಸೂಜಿ ಹಾಕಿದಳು. ಇರುವೆ ಕಚ್ಚಿದಷ್ಟೇ ನೋವು. ಇಷ್ಟಕ್ಕೆ ಇಡೀ ಮಳೆಗಾಲ ಕಾದಾಡಿದೆನಲ್ಲ ಅನ್ನಿಸಿತು.

ಆ ಸಂಜೆ ತೋಳು ಬಿಗಿದು ಮೈ ಸ್ವಲ್ಪ ಬೆಚ್ಚಗಾಯಿತು. ಅತ್ತೆ ಗೋಡೆಗೆ ಒರಗಿ ಜಪಮಾಲೆ ಹಿಡಿದು ಕುಳಿತರು. ಆಗಾಗ ಬಂದು, ಕೇಳದೆಯೇ ನನ್ನ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದರು. ಒಮ್ಮೆ ಮಗು ಜೋರಾಗಿ ಒದೆಯಿತು. ಥಟ್ಟನೆ ಕೈ ತೆಗೆದುಕೊಂಡು ಒಳಗೆ ಹೋದರು. ಅವರ ಮೇಲೆ ಎಷ್ಟು ಸಿಟ್ಟಿದ್ದರೂ, ಒಳಗೆ ಮತ್ತೆ ಜಪ ಶುರುವಾದದ್ದನ್ನು ಕಿವಿಗೊಟ್ಟು ಕೇಳಿದೆ.

ತಿಂಗಳು ಬಿಟ್ಟು ಹಾಕುವ ಎರಡನೆಯ ಸೂಜಿಯೂ ಹೋದ ವಾರ ಆಯಿತು. ಈ ಸಲ ಅಂಕುಶ ರಜೆ ಹಾಕಿ ಬಂದಿದ್ದರು. ಹೊರಗೆ ಬಂದಾಗ, "ಆತಲ್ಲ, ಇನ್ನ ಮನ್ಯಾಗ ಈ ಮಾತ ತಗೀಬ್ಯಾಡ," ಅಂದರು. ಎಲ್ಲ ಮುಗಿದ ಮೇಲೆ ಜೊತೆಗೆ ಬಂದವರು ನನಗೇ ಸುಮ್ಮನಿರು ಅನ್ನುತ್ತಾರೆ. ಅತ್ತೆ ಅನ್ನ ಬಡಿಸುತ್ತಾರೆ, ಸ್ನಾನಕ್ಕೆ ನೀರು ಕಾಯಿಸಿ ಕೊಡುತ್ತಾರೆ, ಮಾತು ಮಾತ್ರ ಇಲ್ಲ. ಇರಲಿ. ನನ್ನ ಮಗುವಿಗೆ ಬೇಕಾದದ್ದು ಸಿಕ್ಕಿತು. ಆದರೆ ದಣಿದಿದ್ದೇನೆ ಅಕ್ಕಾ.

ಚಳಿ ಶುರುವಾಗುತ್ತದೆ, ಕಿವಿ ಮುಚ್ಚಿಕೊಂಡು ಮಲಗು. ಮರಿಯಮ್ಮ ನಿನ್ನನ್ನು ಕಾಯಲಿ. ನಿನ್ನ ಪ್ರಾರ್ಥನೆಯಲ್ಲಿ ಹೊಟ್ಟೆಯ ಮಗುವನ್ನೂ ನೆನೆ.

ನಿನ್ನ ತಂಗಿ,
ಸ್ಟೆಲ್ಲಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹೊಸ್ತಿಲಲ್ಲಿ ಕುಳಿತ ದಿನ ಅತ್ತೆ ಇನ್ನೊಂದು ಮಾತು ಹೇಳಿದರು. "ನಿಮ್ಮ ಅಕ್ಕನ್ನೂ ಕೇಳೇನಿ. ಮೇ ತಿಂಗಳಾಗ ಇಗರ್ಜಿಯಿಂದ ಬರೂವಾಗ ಸೂಜಿ ಮಾತ ತಗದಿದ್ದೆ, 'ನಿಮಗ ಬ್ಯಾಡ ಅನಿಸಿದ್ರ ಬಿಡ್ರಿ, ದೇವರ ಕಾಯ್ತಾನ' ಅಂದ್ಲು." ಅತ್ತೆ ಸುಳ್ಳು ಹೇಳುವವರಲ್ಲ. ನಮ್ಮ ತಮ್ಮ ಮಾನ್ವೆಲ್ ಹುಟ್ಟಿದ ವಾರದೊಳಗೆ ಮೊಲೆ ಕಚ್ಚುವುದು ಬಿಟ್ಟನಲ್ಲ, ಆಗ ನಾನು ತೀರ ಸಣ್ಣವಳು, ಅವನ ಮುಖವೂ ನೆನಪಿಲ್ಲ. ನಿನಗೆ ನೆನಪಿದೆ. ಬಟ್ಟೆಯಲ್ಲಿ ಹಾಲು ಅದ್ದಿ ಅವನ ಬಾಯಿ ಬಿಡಿಸಲು ನೋಡಿದವಳು ನೀನು. ದವಡೆ ಕಲ್ಲಾಗಿತ್ತೆಂದು ನನಗೆ ಹೇಳಿದವಳೂ ನೀನೇ. ಬಸುರಿಯಿದ್ದಾಗ ಸೂಜಿ ಹಾಕಿಸಿದ್ದರೆ ಧನುರ್ವಾಯು ಬಾರದೆ ಉಳಿಯುತ್ತಿದ್ದ ಎಂದು ಡಾಕ್ಟರು ಅಂದದ್ದನ್ನು ನೆನೆದು ಅವ್ವ ಸಾಯುವವರೆಗೂ ಅತ್ತಳು. ಅತ್ತೆಗೆ ಇದೊಂದೂ ಗೊತ್ತಿಲ್ಲ, ಅವರನ್ನು ಕ್ಷಮಿಸಬಲ್ಲೆ. ನೀನು ಹಾಗೆ ಹೇಳಲಿಲ್ಲವಾದರೆ ಬೇಗ ಒಂದು ಸಾಲು ಬರೆ. ಹೇಳಿದ್ದು ನಿಜವಾದರೆ ಕಾಗದ ಬೇಡ. ಹೆರಿಗೆಯಾದ ಮೇಲೆ ಬಾ, ಮಗುವನ್ನು ಎತ್ತಿಕೊಂಡು, ಯಾಕೆ ಹಾಗಂದೆ ಎಂದು ನನ್ನ ಎದುರಿಗೇ ಹೇಳು.