ಉಪ್ಪು ಹೆಚ್ಚಾದ ಸೂಪು

ಅಮ್ಮಾ,

ನೀನು ಮಾಡಿಟ್ಟಿದ್ದ ಟೊಮೆಟೊ ಸೂಪಿನ ಕೊನೆಯ ಡಬ್ಬಿಯನ್ನು ಇವತ್ತು ಫ್ರೀಜರಿನಿಂದ ತೆಗೆದೆ. ಅದಕ್ಕೆ ಏನೇನು ಹಾಕುತ್ತೀಯೆಂದು ಫೋನಿನಲ್ಲಿ ಕೇಳಿದಾಗಲೆಲ್ಲ "ಕೈಗೆ ಸಿಕ್ಕಿದ್ದು ಕಣೇ" ಎಂದು ಮಾತು ತೇಲಿಸಿಬಿಡುತ್ತಿದ್ದೆಯಲ್ಲ, ಅದನ್ನು ನಾನು ಬಿಂಕವೆಂದುಕೊಂಡಿದ್ದೆ. ಇವತ್ತು ನಾಲಿಗೆಯಿಂದಲೇ ಕಂಡುಹಿಡಿಯೋಣವೆಂದು ಬಿಸಿ ಮಾಡಿ ಒಂದು ಚಮಚ ಕುಡಿದರೆ, ಬೆಳ್ಳುಳ್ಳಿಯೂ ಸಿಗಲಿಲ್ಲ, ಮೆಣಸೂ ಸಿಗಲಿಲ್ಲ. ಬರೀ ಉಪ್ಪು. ಬಾಯಿಗಿಡಲಾಗದಷ್ಟು ಉಪ್ಪು.

ಅಪ್ಪ ಮಾತ್ರ ಬಟ್ಟಲು ಪೂರ್ತಿ ಖಾಲಿ ಮಾಡಿ ಗಟಗಟನೆ ನೀರು ಕುಡಿದರು.

"ಕೊನೆಕೊನೆಗೆ ಎಲ್ಲಾ ಹೀಗೇ ಇರ್ತಿತ್ತು," ಎಂದರು. "ಹಾಕಿದ್ದು ಮರೆತು ಮತ್ತೆ ಹಾಕ್ತಿದ್ಲು."

"ನಂಗ್ಯಾಕೆ ಹೇಳ್ಲಿಲ್ಲಪ್ಪಾ?"

"ಅವಳಿಗೇ ಹೇಳ್ಲಿಲ್ಲ. ಹೇಳಿದ್ರೆ ಒಲೆ ಮುಟ್ಟೋದನ್ನೇ ಬಿಟ್ಬಿಡ್ತಿದ್ಲು."

ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಲು ಮನಸ್ಸಾಗಲಿಲ್ಲ. ನೀರು ಬೆರೆಸಿ, ಆಲೂಗಡ್ಡೆ ಹೆಚ್ಚಿಹಾಕಿ ಕುದಿಸಿದೆ. ಉಪ್ಪು ಹದಕ್ಕೆ ಬಂತು. ಅಪ್ಪನಿಗೆ ಇನ್ನೊಂದು ಬಟ್ಟಲು ಬಡಿಸಿದೆ. ಅವರು ಒಂದೇ ಚಮಚ ಕುಡಿದು, ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದರು.

"ಚೆನ್ನಾಗಾಗಿದೆ ಕಣಮ್ಮಾ. ಆದ್ರೆ ಇದು ನಿನ್ನ ಅಡುಗೆ."