ಹೆರಿಗೆ ಕೋಣೆಗೂ ಮೊದಲು ಕ್ಷೌರದಂಗಡಿ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ಕಳೆದ ಸೋಮವಾರ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ನಿಮ್ಮ ದನಿ ಕೇಳಿಸಿತು. ಆಸ್ಪತ್ರೆಯ ಗೇಟಿನ ಮುಂದೆ, ನಡುಬೀದಿಯಲ್ಲಿ ಹೆಂಗಸೊಬ್ಬಳು ಹೆರುವಂತಾದದ್ದು ಹೇಗೆ ಎಂದು ಕೇಳಿದ ವರದಿಗಾರನಿಗೆ ನೀವು ಬಹಳ ಶಾಂತವಾಗಿ ಹೇಳಿದಿರಿ: "ಹೆರಿಗೆ ನೋವಿನಲ್ಲಿದ್ದವಳನ್ನು ಕುಟುಂಬದವರು ಸಿಂಗಾರಕ್ಕೆಂದು ಕ್ಷೌರದಂಗಡಿಗೆ ಕರೆದೊಯ್ದು ಕಾಲಹರಣ ಮಾಡಿದ್ದಾರೆ. ಜನರಲ್ಲಿ ತಿಳಿವಳಿಕೆ ಮೂಡಬೇಕಾಗಿದೆ." ಆ ಹೆಂಗಸು ನನ್ನ ತಂಗಿ ಲೂದಿಸ್. ಕ್ಷೌರದಂಗಡಿಗೆ ಕರೆದೊಯ್ದವಳು ನಾನು. ಕರೆದೊಯ್ದದ್ದು ಸಿಂಗಾರಕ್ಕಲ್ಲ, ನಿಮ್ಮ ಆಸ್ಪತ್ರೆಯ ಅಪ್ಪಣೆಯ ಮೇರೆಗೆ. ನೀವು ಆಡಿದ್ದು ಸುಳ್ಳು. ಅದು ಗೊತ್ತಿದ್ದೂ ಆಡಿದಿರೋ, ಗೊತ್ತು ಮಾಡಿಕೊಳ್ಳುವ ಗೋಜಿಗೇ ಹೋಗದೆ ಆಡಿದಿರೋ ಎಂಬುದೊಂದು ಮಾತ್ರ ನನಗೆ ತಿಳಿಯದು. ಎರಡರಲ್ಲಿ ಯಾವುದು ಮೇಲೆಂದು ನೀವೇ ಆರಿಸಿಕೊಳ್ಳಿ. ನೀವು ಊರಿಗೆಲ್ಲ ಕೇಳುವಂತೆ ಆಡಿದ್ದರಿಂದ ನಾನೂ ಊರೆಲ್ಲ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಹೆರಿಗೆ ವಿಭಾಗದ ಬಾಗಿಲಲ್ಲಿ ಒಂದು ಬೋರ್ಡು ಇದೆ. ಗರ್ಭಿಣಿಯರು ಸ್ನಾನ ಮಾಡಿ, ಗುಪ್ತಾಂಗದ ಕೂದಲು ತೆಗೆದು, ಉಗುರಿನ ಬಣ್ಣ ಅಳಿಸಿ, "ಸಿದ್ಧರಾಗಿ" ಬರತಕ್ಕದ್ದು. ಸಿದ್ಧರಾಗದೆ ಬಂದವರನ್ನು ಹಿಂದಕ್ಕೆ ಕಳುಹಿಸಲಾಗುವುದು ಎಂದು ಅದರಲ್ಲಿ ಬರೆದಿದೆ. ಅಕ್ಷರಗಳು ಅಂದವಾಗಿವೆ. ನಾನು ಶಾಲೆಯಲ್ಲಿ ಭಾಷೆ ಕಲಿಸುವವಳು, ಹಾಗಾಗಿ ಆ ವಾಕ್ಯವನ್ನು ಮತ್ತೆ ಮತ್ತೆ ಓದಿದ್ದೇನೆ. ಯಾರನ್ನು ಹಿಂದಕ್ಕೆ ಕಳುಹಿಸಲಾಗುವುದು ಎಂಬುದು ಸ್ಪಷ್ಟವಾಗಿದೆ. ಕಳುಹಿಸುವವರು ಯಾರು, ಕಳುಹಿಸಿದ ಮೇಲೆ ಏನಾದರೂ ಆದರೆ ಹೊಣೆ ಯಾರದು ಎಂಬುದು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಇಂಥ ವಾಕ್ಯ ಬರೆಯಲು ಬಹಳ ಅನುಭವ ಬೇಕು, ನಿರ್ದೇಶಕರೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೆರುವ ಮುಂಚೆ ಮೈಯನ್ನು ಚೆನ್ನಾಗಿಟ್ಟುಕೊಳ್ಳುವುದನ್ನು ಮಗ್ದಲೇನಾ ನದಿಯ ಈ ದಡದ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ದಿನ ಹತ್ತಿರವಾದಾಗ ನಮ್ಮಲ್ಲಿ ಬಸುರಿಯನ್ನು ಅಂಗಳದಲ್ಲಿ ಕೂರಿಸಿ ತಲೆಗೆ ಎಣ್ಣೆ ಹಾಕುತ್ತಾರೆ, ಹೆರುವಾಗ ಕೂದಲು ಮುಖಕ್ಕೆ ಬರದಂತೆ ನೆತ್ತಿಗಂಟಿಸಿ ಸಣ್ಣ ಸಣ್ಣ ಜಡೆ ಹೆಣೆಯುತ್ತಾರೆ, ಹುಬ್ಬು ತಿದ್ದುತ್ತಾರೆ. ಬಗ್ಗಲಾರದವಳ ಕಾಲುಗುರನ್ನು ಅಕ್ಕತಂಗಿಯರು ಕತ್ತರಿಸಿ ಬಣ್ಣ ಹಚ್ಚುತ್ತಾರೆ. ಲೂದಿಸ್‌ಗೆ ನಾನೇ ಕೆಂಪು ಬಣ್ಣ ಹಚ್ಚಿದ್ದೆ. "ಅಕ್ಕಾ, ನನ್ನ ಪಾದ ನೋಡಿ ಎಷ್ಟ್ ದಿನ ಆಯ್ತೋ, ಇನ್ನೂ ಎರಡೇ ಇದಾವಾ?" ಎಂದು ಅವಳು ನಕ್ಕಿದ್ದಳು. ರಕ್ತದಲ್ಲಿನ ಆಮ್ಲಜನಕ ಅಳೆಯಲು ಬೆರಳಿಗೆ ಉಪಕರಣ ಸಿಕ್ಕಿಸುವಾಗ ಉಗುರಿನ ಬಣ್ಣ ಅಡ್ಡ ಬರಬಹುದಂತೆ, ಒಪ್ಪುತ್ತೇನೆ. ಹಾಗಿದ್ದರೆ ಒಂದು ಬೆರಳಿನ ಬಣ್ಣವನ್ನು ಹತ್ತಿಯಿಂದ ಒರೆಸಿದರೆ ಮುಗಿಯಿತು. ಅದಕ್ಕೆ ಇಡೀ ಹೆಂಗಸನ್ನು ಬೀದಿಗೆ ಅಟ್ಟಬೇಕೆ?

ಕೂದಲಿನ ವಿಷಯಕ್ಕೆ ಬರೋಣ. ಇದನ್ನು ಪತ್ರಿಕೆಯಲ್ಲಿ ಬರೆಯಲು ನಾಚಿಕೆಯಾಗುವುದಿಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಬೋರ್ಡಿನಲ್ಲಿ ಬರೆಸಲು ನಿಮಗೆ ಆಗದ ನಾಚಿಕೆ ನನಗೇಕೆ? ಒಂಬತ್ತು ತಿಂಗಳ ಹೊಟ್ಟೆ ಹೊತ್ತವಳು ತನಗೇ ಕಾಣಿಸದ ಜಾಗದಲ್ಲಿ ಬ್ಲೇಡು ಆಡಿಸಬೇಕು ಎಂದು ಆಜ್ಞೆ ಮಾಡುವವರು ಒಮ್ಮೆಯಾದರೂ ಕನ್ನಡಿ ನೋಡದೆ, ಹೊಟ್ಟೆಗೆ ಒಂದು ಮೂಟೆ ಅಕ್ಕಿ ಕಟ್ಟಿಕೊಂಡು ಗಡ್ಡ ಹೆರೆದುಕೊಳ್ಳಬೇಕು. ಹೀಗೆ ಹೆರೆಯುವುದರಿಂದ ಲಾಭವಿಲ್ಲ, ಎಲ್ಲರಿಗೂ ಕಡ್ಡಾಯ ಮಾಡಬಾರದು ಎಂದು ವೈದ್ಯಲೋಕ ಎಂದೋ ಹೇಳಿಯಾಗಿದೆ. ನಿಮ್ಮದೇ ಆಸ್ಪತ್ರೆಯ ಕಿರಿಯ ವೈದ್ಯೆಯೊಬ್ಬರು ನನಗೆ ಅದನ್ನು ಪಿಸುಮಾತಿನಲ್ಲಿ ತಿಳಿಸಿದರು. ಪಿಸುಮಾತಿನಲ್ಲೇಕೆ ಎಂಬುದು ನಿಮಗೇ ಗೊತ್ತಿರಬೇಕು.

ಈಗ ಆ ದಿನ ನಡೆದದ್ದು.

ಮಧ್ಯಾಹ್ನ ಊಟದ ಹೊತ್ತಿಗೆ ಲೂದಿಸ್‌ಗೆ ನೋವು ಶುರುವಾಯಿತು. ತಟ್ಟೆಯಲ್ಲಿ ಹುರಿದ ಮೀನು, ಬೇಯಿಸಿದ ಮರಗೆಣಸು ಹಾಗೇ ಇತ್ತು. ಅವಳ ಗಂಡ ಎಬೆರ್ ಯಂತ್ರದ ದೋಣಿಯಲ್ಲಿ ನಮ್ಮಿಬ್ಬರನ್ನೂ ನಮ್ಮ ದಡದಿಂದ ಆಸ್ಪತ್ರೆಯ ದಡಕ್ಕೆ ಕರೆತಂದ. ಹೊಳೆಯಲ್ಲಿ ನೀರು ಕಡಿಮೆಯಾಗಿ ಮರಳು ದಿಬ್ಬಗಳನ್ನು ಸುತ್ತಿ ಬರಬೇಕಾದದ್ದರಿಂದ ಹಾದಿ ಎಂದಿಗಿಂತ ಉದ್ದವಾಯಿತು. ಅವನು ದೋಣಿ ಕಟ್ಟುತ್ತಿರುವಾಗಲೇ ನಾನು ತಂಗಿಯನ್ನು ಮೋಟಾರು ಗಾಡಿಯೊಂದಕ್ಕೆ ಹತ್ತಿಸಿ ನಿಮ್ಮ ಬಾಗಿಲು ಮುಟ್ಟಿಸಿದೆ. ನೋವು ಬಂದಾಗಲೆಲ್ಲ ಅವಳು ನನ್ನ ತೋಳನ್ನು ಹಿಡಿದು ನಿಂತುಬಿಡುತ್ತಿದ್ದಳು. ಬಾಗಿಲ ಬಳಿಯ ಮೇಜಿನ ಹಿಂದೆ ಕೂತಿದ್ದ ನರ್ಸು ತಲೆಯೆತ್ತಿ ಕೇಳಿದ ಮೊದಲ ಪ್ರಶ್ನೆ ಹೆಸರಲ್ಲ, ನೋವು ಎಷ್ಟು ಹೊತ್ತಿಗೊಮ್ಮೆ ಎಂಬುದೂ ಅಲ್ಲ.

"ರೆಡಿಯಾಗಿ ಬಂದಿದೀರಾ?"

"ನೋವು ಜೋರಾಗಿದೆ ಮೇಡಂ," ಎಂದೆ.

"ನಾನ್ ಕೇಳಿದ್ದು ಅದಲ್ಲ. ಬೋರ್ಡ್ ಓದಕ್ಕೆ ಬರಲ್ವಾ?"

ಮರೆ ಎಂದು ಕರೆಯಬಹುದಾದ ಅರ್ಧ ಪರದೆಯ ಹಿಂದೆ ಲೂದಿಸ್‌ಳನ್ನು ನಿಲ್ಲಿಸಿ, ಬಟ್ಟೆ ಎತ್ತಿ, ಒಂದು ನೋಟ ಹಾಯಿಸಿದರು. ಹೊಟ್ಟೆ ಮುಟ್ಟಲಿಲ್ಲ. ಮಗುವಿನ ಎದೆಬಡಿತ ಕೇಳಲಿಲ್ಲ. ಅವರು ನೋಡಿದ್ದು ಕೂದಲನ್ನು ಮಾತ್ರ. "ಅಯ್ಯಯ್ಯೋ, ಕಾಡಿಂದ ಬಂದಿದೀಯೇನಮ್ಮ? ಗಂಡನ ಹತ್ರ ಹೋಗುವಾಗ ನೆನಪಿರುತ್ತೆ, ಡಾಕ್ಟ್ರ ಹತ್ರ ಬರುವಾಗ ನೆನಪಿರಲ್ವಾ?" ಎಂದು ಅವರು ಕೇಳಿದ್ದು ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ಯಾರೋ ನಕ್ಕರು. ಲೂದಿಸ್ ತುಟಿ ಕಚ್ಚಿಕೊಂಡು, "ಮನೇಲಿ ಟ್ರೈ ಮಾಡ್ದೆ ಮೇಡಂ. ಕಾಣಿಸ್ಲಿಲ್ಲ. ಕುಯ್ಕೊಂಬಿಟ್ಟೆ," ಎಂದಳು. ಅವಳು ಬಚ್ಚಲಲ್ಲಿ ಒಬ್ಬಳೇ ಹಾಗೆ ಪಾಡು ಪಟ್ಟಿದ್ದು ನನಗೆ ಆಗಲೇ ಗೊತ್ತಾದದ್ದು.

"ಚೊಚ್ಚಲು ಹೆರಿಗೆ ಬೇಜಾನ್ ಟೈಮ್ ತಗೊಳುತ್ತೆ. ಮನೆಗೆ ಹೋಗಿ ಕ್ಲೀನ್ ಮಾಡ್ಕೊಂಡ್ ಬನ್ನಿ."

"ಚೊಚ್ಚಲಲ್ಲ, ಇದು ಎರಡನೇದು," ಎಂದೆ. "ಮನೆ ಹೊಳೆ ಆಚೆಗಿದೆ. ಹೋಗಿ ಬರೋಷ್ಟರಲ್ಲಿ ಹುಟ್ಟೇ ಹೋಗುತ್ತೆ. ಇಲ್ಲೇ ಒಂದ್ ಬಚ್ಚಲು ಕೊಡಿ, ನಾನೇ ಮಾಡ್ತೀನಿ."

"ರೋಗಿಗಳ ಬಚ್ಚಲು ದಾಖಲಾದೋರಿಗೆ ಮಾತ್ರ, ಸೆನ್ಯೋರಾ."

"ಹಾಗಾದ್ರೆ ದಾಖಲು ಮಾಡ್ಕೊಳ್ಳಿ."

"ರೆಡಿಯಾಗಿ ಬಂದ್ಮೇಲೆ ಮಾಡ್ಕೋತೀವಿ."

ನಿರ್ದೇಶಕರೇ, ಈ ಮಾತುಗಳಲ್ಲಿ ಒಂದು ಕೂಡ ನಾನು ಕಟ್ಟಿದ್ದಲ್ಲ. ಎರಡನೇ ಹೆರಿಗೆ ಎಂಬ ಮಾತಿಗೆ ಆ ಮೇಜಿನ ಹಿಂದೆ ಒಂದು ರೆಪ್ಪೆಯೂ ಅಲುಗಲಿಲ್ಲ. ಆ ನರ್ಸನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ದಯವಿಟ್ಟು ಆ ಸುಲಭದ ದಾರಿ ಹಿಡಿಯಬೇಡಿ. "ಹೀಗೇ ಒಳಗೆ ಬಿಟ್ರೆ ನನ್ನನ್ನ ಬೈತಾರೆ," ಎಂದು ಅವರು ಕೊನೆಗೆ ಸಣ್ಣ ದನಿಯಲ್ಲಿ ಹೇಳಿದ್ದನ್ನೂ ಕೇಳಿಸಿಕೊಂಡಿದ್ದೇನೆ. ಬೈಯುವವರು ಯಾರು?

ಹೊರಗೆ ಬಂದರೆ ಬೆಂಕಿಯಂಥ ಬಿಸಿಲು. ಬೀದಿಯ ಆಚೆ ದೋನ್ ಅರ್ನುಲ್ಫೊ ಅವರ ಕ್ಷೌರದಂಗಡಿ. ನನಗೆ ಬೇರೇನೂ ಹೊಳೆಯಲಿಲ್ಲ. ಒಳಗೆ ನುಗ್ಗಿ ವಿಷಯವನ್ನು ಮರೆಮಾಚದೆ ಹೇಳಿದೆ. ಕುರ್ಚಿಯಲ್ಲಿ ಒಬ್ಬ ದಪ್ಪನೆಯ ಮನುಷ್ಯ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಒರಗಿದ್ದ, ಇನ್ನಿಬ್ಬರು ಸರದಿಗೆ ಕಾಯುತ್ತಿದ್ದರು. ದೋನ್ ಅರ್ನುಲ್ಫೊ ನನ್ನ ಮುಖ ನೋಡಿದರು, ಲೂದಿಸ್‌ಳ ಹೊಟ್ಟೆ ನೋಡಿದರು. "ಏಳ್ರಪ್ಪಾ, ಎಲ್ರೂ ಹೊರಗೆ!" ಎಂದರು.

"ನನ್ನ ಅರ್ಧ ಗಡ್ಡ?" ಎಂದ ನೊರೆಯವನು.

"ಇನ್ನರ್ಧ ದೇವ್ರಿಗೆ ಬಿಡು. ಹೋಗಿ ಬಾಗ್ಲಲ್ಲಿ ನಿಂತ್ಕೋ, ಯಾರನ್ನೂ ಬಿಡ್ಬೇಡ."

ಅವನು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ದೋನ್ ಅರ್ನುಲ್ಫೊ ಹೊಸ ಬ್ಲೇಡು, ಬಿಸಿನೀರು, ಒಗೆದ ಟವೆಲು ಕೊಟ್ಟು ಹಿಂಗೋಣೆಗೆ ಹೋದರು. ಗೋಡೆಯ ಬೆಂಚಿನ ಮೇಲೆ ನನ್ನ ತಂಗಿಯನ್ನು ಮಲಗಿಸಿದೆ.

"ಅಕ್ಕಾ, ಬೇಡ ಕಣೇ. ಊರಿಗೆ ಹೋಗೋಣ. ದೋಣೀಲೇ ಹೆರ್ತೀನಿ."

"ಸುಮ್ನಿರು. ಎರಡ್ ನಿಮಿಷ. ಅಲ್ಲಾಡ್ಬೇಡ."

ಅಲ್ಲಾಡಬೇಡ ಎಂದೆ. ಹೆರಿಗೆ ನೋವಿನಲ್ಲಿರುವವಳಿಗೆ ಅಲ್ಲಾಡಬೇಡ ಎನ್ನುವ ಸ್ಥಿತಿಗೆ ನೀವು ನನ್ನನ್ನು ತಂದಿರಿ. ಅರ್ಧ ಆಗಿತ್ತೋ ಇಲ್ಲವೋ, ನೋವು ಬಂತು. ಅವಳ ಇಡೀ ಮೈ ಬಿಲ್ಲಿನಂತೆ ಬಗ್ಗಿತು. ಬ್ಲೇಡು ಜಾರಿ ಕೊಯ್ದಿತು. ರಕ್ತ ನೋಡಿ ನಾನು ಟವೆಲು ಒತ್ತುವಷ್ಟರಲ್ಲಿ ಗರ್ಭದ ನೀರಿನ ಚೀಲ ಒಡೆದು ಬೆಂಚು, ನೆಲ, ನನ್ನ ಮಡಿಲು ಎಲ್ಲ ಒದ್ದೆಯಾಯಿತು. "ಬರ್ತಿದೆ, ಬಂದೇಬಿಡ್ತು!" ಎಂದು ಅವಳು ಕಿರುಚಿದಳು. ಒಳಗಿಂದ ದೋನ್ ಅರ್ನುಲ್ಫೊ, "ಟೀಚರಮ್ಮಾ, ಮೊದ್ಲು ಬ್ಲೇಡ್ ಬಿಸಾಕಿ!" ಎಂದು ಕೂಗುತ್ತ ನಮ್ಮತ್ತ ನೋಡದೆ ಬೀದಿಗೆ ಓಡಿದರು.

ವೈದ್ಯರನ್ನು ಕಳುಹಿಸಿ ಎಂದು ಕೂಗಿದ ಅವರಿಗೆ ನಿಮ್ಮ ಗೇಟಿನ ಕಾವಲುಗಾರ ಕೊಟ್ಟ ಉತ್ತರವನ್ನು ಬೀದಿಯೇ ಕೇಳಿಸಿಕೊಂಡಿದೆ. "ಸಿಬ್ಬಂದಿ ಆವರಣ ಬಿಟ್ಟು ಹೊರಗೆ ಬರೋ ಹಾಗಿಲ್ಲ. ಪೇಷಂಟನ್ನ ನೀವೇ ತನ್ನಿ." ಸರಿ, ತಂದೆವು. ಅರ್ಧ ಗಡ್ಡದವನು, ಸರದಿಗೆ ಕಾಯುತ್ತಿದ್ದ ಇಬ್ಬರು, ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಎಬೆರ್ ಸೇರಿ ಲೂದಿಸ್‌ಳನ್ನು ಬೆಂಚಿನ ಸಮೇತ ಎತ್ತಿದರು. ಅವಳ ಮೇಲೆ ನಾನು ಕ್ಷೌರದಂಗಡಿಯ ಬಿಳಿ ಬಟ್ಟೆ ಹೊದಿಸಿದೆ. ಬಸ್ಸೊಂದು ನಿಂತಿತು. ಕಿಟಕಿಗಳ ತುಂಬ ಮುಖಗಳು. ಗೇಟಿಗೆ ಹತ್ತಾರು ಹೆಜ್ಜೆ ಇರುವಾಗಲೇ ಮಗುವಿನ ತಲೆ ಹೊರಗೆ ಬಂತು. ಬೆಂಚನ್ನು ಅಲ್ಲೇ ಬಾದಾಮಿ ಮರದ ನೆರಳಿಗೆ ಇಳಿಸಿದರು. ನಾನು ಕೈ ಒಡ್ಡಿದೆ. ಮಗು ಜಾರಿ ಬಂತು. ಕೊರಳಿಗೆ ಕರುಳಬಳ್ಳಿ ಸುತ್ತಿತ್ತು, ಮೈ ನೀಲಿ, ದನಿಯಿಲ್ಲ.

"ಯಾಕೆ ಅಳ್ತಿಲ್ಲ? ಅಕ್ಕಾ, ಯಾಕೆ ಅಳ್ತಿಲ್ಲ?" ಎಂದು ಲೂದಿಸ್ ಕೇಳುತ್ತಲೇ ಇದ್ದಳು. ನಾನು ಬಳ್ಳಿಯನ್ನು ಸಡಿಲಿಸಲು ನೋಡುತ್ತಿದ್ದೆ. ಅದು ಕೈಗೆ ಸಿಗುತ್ತಿರಲಿಲ್ಲ. ಆಗ ಕಾವಲುಗಾರನನ್ನು ತಳ್ಳಿಕೊಂಡು ಆ ಕಿರಿಯ ವೈದ್ಯೆ ಓಡಿ ಬಂದರು. ಆವರಣ ಬಿಟ್ಟು ಬಂದರು, ನಿರ್ದೇಶಕರೇ, ನಿಯಮ ಮುರಿದರು. ಮಂಡಿಯೂರಿ ಬಳ್ಳಿಯನ್ನು ಬಿಡಿಸಿದರು, ಮಗುವಿನ ಬಾಯಿ ಒರೆಸಿದರು, ಬೆನ್ನು ಉಜ್ಜಿದರು, ಮತ್ತೆ ಉಜ್ಜಿದರು. ಅದು ಒಮ್ಮೆ ಬಿಕ್ಕಿತು, ಆಮೇಲೆ ಅತ್ತಿತು. ಬಸ್ಸಿನೊಳಗಿಂದ ಚಪ್ಪಾಳೆ ಕೇಳಿಸಿತು. ಎಬೆರ್ ನೆಲದ ಮೇಲೆ ಕುಸಿದು ಕೂತ.

ಲೂದಿಸ್‌ಗೆ ರಕ್ತ ನಿಲ್ಲಲಿಲ್ಲ. ಬಿಳಿ ಬಟ್ಟೆ ಬಿಳಿಯಾಗಿ ಉಳಿಯಲಿಲ್ಲ. ಅವಳನ್ನು ಸ್ಟ್ರೆಚರಿನಲ್ಲಿ ಒಳಗೆ ಓಡಿಸಿಕೊಂಡು ಹೋದಾಗ ಆ ಬೋರ್ಡಿನ ಕೆಳಗಿನಿಂದಲೇ ಹೋದರು. ಅರ್ಧ ಹೆರೆದ ಮೈ, ಹತ್ತೂ ಉಗುರಿಗೆ ಕೆಂಪು ಬಣ್ಣ, ಕಾಲಿಗೆ ಬೀದಿಯ ಧೂಳು. ಆಗ ಅವಳು ಸಿದ್ಧಳಾಗಿದ್ದಾಳೆಯೇ ಎಂದು ಒಬ್ಬರೂ ಕೇಳಲಿಲ್ಲ. ಅಂದಮೇಲೆ ಕೂದಲಿದ್ದರೂ, ಬಣ್ಣವಿದ್ದರೂ ಚಿಕಿತ್ಸೆ ಕೊಡಬಹುದು ಎಂದಾಯಿತಲ್ಲ? ಒಳಗೆ ಬರಲು ಅಷ್ಟು ರಕ್ತ ಹರಿಯಬೇಕು ಎಂಬುದನ್ನು ಬೋರ್ಡಿನಲ್ಲಿ ಬರೆಸಲು ಮರೆತಿದ್ದೀರಿ.

ಅವಳು ಬದುಕಿದಳು. ಬ್ಲೇಡಿನ ಗಾಯ ಕೀವಾಗಿ ಜ್ವರ ಏರಿತು. ಮಗುವಿಗೆ ಹಾಲೂಡಿಸಲು ಕೂರಲಾರದೆ, ಮಲಗಲಾರದೆ ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಈಗ ಗಾಯ ಮಾಯುತ್ತಿದೆ. ಮಗು ಹೆಣ್ಣು, ಗಟ್ಟಿಗಂಟಲು. ಆದರೆ ಹೆತ್ತ ಮೇಲಿನ ತಪಾಸಣೆಗೆ ಬಾ ಎಂದರೆ ಲೂದಿಸ್ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ನೀವು ರೇಡಿಯೋದಲ್ಲಿ ಆಡಿದ ಮಾತನ್ನು ಅವಳೂ ಕೇಳಿದ್ದಾಳೆ. ಅಂಗಡಿಗೆ ಹೋದರೆ ಜನ, "ಏನಮ್ಮಾ, ಕಟಿಂಗ್ ಚೆನ್ನಾಗಾಯ್ತಾ?" ಎಂದು ಕೇಳುತ್ತಾರಂತೆ.

ನಾನು ಈ ಪತ್ರ ಬರೆಯುತ್ತಿರುವುದು ಬರೀ ಅವಳಿಗಾಗಿ ಅಲ್ಲ. ನಮ್ಮ ಪಕ್ಕದ ಮನೆಯಲ್ಲಿ ಯೊಮೈರಾ ಎಂಬವಳಿದ್ದಾಳೆ. ತುಂಬು ಬಸುರಿ, ಕಾಲು ಊದಿದೆ, ತಲೆನೋವು, ರಕ್ತದೊತ್ತಡ ಹೆಚ್ಚಿದೆ. ಮನೆಯಲ್ಲಿ ಹೆರಿಗೆ ಮಾಡಿಕೊಳ್ಳಲೇಬಾರದು ಎಂದು ಆರೋಗ್ಯ ಕಾರ್ಯಕರ್ತೆ ಖಡಾಖಂಡಿತವಾಗಿ ಹೇಳಿಹೋಗಿದ್ದಾರೆ. ನಿನ್ನೆ ಸಂಜೆ ಅವಳ ಮನೆಗೆ ಹೋಗಿದ್ದೆ.

"ನಾನ್ ಬರಲ್ಲ ಟೀಚರ್. ಬಟ್ಟೆ ಎತ್ತಿ ನೋಡಿ ನಗೋರ ಹತ್ರ ನಾನ್ಯಾಕೆ ಬರ್ಲಿ?"

"ನಿಂಗೆ ಬಿ.ಪಿ. ಇದೆ ಕಣೇ. ಇಲ್ಲೇ ಹೆರಕ್ಕೋದ್ರೆ ಸತ್ತೋಗ್ತೀಯ."

"ಸತ್ರೆ ನನ್ನ ಮನೇಲಿ, ಮರ್ಯಾದೆಯಿಂದ ಸಾಯ್ತೀನಿ ಬಿಡಿ."

ಅವಳಿಗೆ ಏನೆಂದು ಹೇಳಲಿ, ನೀವೇ ತಿಳಿಸಿ. ಜನರಲ್ಲಿ ತಿಳಿವಳಿಕೆ ಮೂಡಬೇಕು ಎಂದಿರಲ್ಲ? ಮೂಡಿದೆ. ನಿಮ್ಮ ಬಾಗಿಲಿಗಿಂತ ಸಾವು ವಾಸಿ ಎಂಬ ತಿಳಿವಳಿಕೆ ನಮ್ಮ ದಡದ ಮನೆಮನೆಯಲ್ಲೂ ಮೂಡಿದೆ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಆ ಬೋರ್ಡನ್ನು ತೆಗೆಸಿ. ನೋವಿನಲ್ಲಿ ಬಂದವಳನ್ನು ಮೊದಲು ಪರೀಕ್ಷಿಸಬೇಕು, ಆಮೇಲೆ ಉಳಿದದ್ದು ಎಂದು ನಿಮ್ಮ ಸಹಿಯಿಟ್ಟು ಆದೇಶ ಹೊರಡಿಸಿ, ಬಾಗಿಲಲ್ಲಿ ಕೂರುವವರು ನಿಮ್ಮ ಬೈಗುಳಕ್ಕೆ ಹೆದರದಂತೆ ಮಾಡಿ. ನಿಯಮ ಮುರಿದು ಓಡಿ ಬಂದ ವೈದ್ಯೆಗೆ ತೊಂದರೆ ಕೊಡಬೇಡಿ. ಅದೇ ರೇಡಿಯೋದಲ್ಲಿ, ಅದೇ ಬೆಳಗಿನ ಹೊತ್ತಿನಲ್ಲಿ, ಆ ದಿನ ನಿಜವಾಗಿ ನಡೆದದ್ದೇನು ಎಂದು ಹೇಳಿ. ಕ್ಷಮೆ ಕೇಳುವುದು ಬಿಡುವುದು ನಿಮಗೆ ಸೇರಿದ್ದು. ನಿಜ ಹೇಳುವುದು ಮಾತ್ರ ನಿಮಗೆ ಬಿಟ್ಟದ್ದಲ್ಲ.

ಯೊಮೈರಾಗೆ ಈ ತಿಂಗಳಲ್ಲೇ ದಿನ ತುಂಬುತ್ತದೆ. ಕೈಕಾಲು ಹಿಡಿದಾದರೂ ಅವಳನ್ನು ದೋಣಿ ಹತ್ತಿಸುವುದು ನನ್ನ ಕೆಲಸ. ಅವಳು ಹೇಗಿದ್ದಾಳೋ ಹಾಗೆಯೇ ಬರುತ್ತಾಳೆ. ಬಾಗಿಲಲ್ಲಿ ಮೊದಲು ಅವಳ ರಕ್ತದೊತ್ತಡ ನೋಡುವುದೋ, ಬಟ್ಟೆ ಎತ್ತಿ ನೋಡುವುದೋ, ಅದು ನಿಮ್ಮ ಕೆಲಸ.

ಇಂತಿ,
ಉತ್ತರ ಬಂದೀತೆಂದು ಇನ್ನೂ ನಂಬುವಷ್ಟು ಮೂರ್ಖಳಾದ,
ಎನೆಯ್ದಾ ಪಲೊಮಿನೊ
ಶಾಲಾ ಶಿಕ್ಷಕಿ, ಎದುರು ದಡ