ಇಪ್ಪತ್ತು ನಿಮಿಷದ ಉತ್ತರ, ನಲವತ್ತೊಂದು ದಿನದ ಮೊಹರು

ಸೀಗಡಿ ಆರೋಗ್ಯ ಸಂಶೋಧನಾ ಕೇಂದ್ರದ ಮಾನ್ಯ ನಿರ್ದೇಶಕರೇ,

ತಮ್ಮ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೆ ತಾವು ಕಳೆದ ತಿಂಗಳು ಶಿಸ್ತುಕ್ರಮದ ನೋಟಿಸು ಕೊಟ್ಟಿದ್ದೀರಿ. ನಮ್ಮ ಕೊಳದ ಸೀಗಡಿಗೆ ಬಂದ ರೋಗ ಯಾವುದೆಂದು ಇಪ್ಪತ್ತು ನಿಮಿಷದಲ್ಲಿ ಹೇಳಿದ್ದು ಆಕೆಯ ಅಪರಾಧ. ಅದೇ ಮಾತನ್ನು ಮೊಹರು ಹಾಕಿ ಹೇಳಲು ತಮ್ಮ ಕೇಂದ್ರಕ್ಕೆ ನಲವತ್ತೊಂದು ದಿನ ಬೇಕಾಯಿತು. ನೋಟಿಸು ಯಾರಿಗೆ ಹೋಗಬೇಕಿತ್ತು ಎಂಬ ವಿಷಯದಲ್ಲಿ ತಮಗೂ ನನಗೂ ಭಿನ್ನಾಭಿಪ್ರಾಯವಿದೆ. ಈ ಬಗ್ಗೆ ಬರೆದ ಎರಡು ಪತ್ರಗಳು ತಮ್ಮ ಕಚೇರಿಯಲ್ಲಿ ‘ಪರಿಶೀಲನೆಯಲ್ಲಿವೆ’. ಅವುಗಳ ನಿದ್ದೆ ಕೆಡಿಸುವ ಮನಸ್ಸಿಲ್ಲದೆ ಮೂರನೆಯದನ್ನು ಪತ್ರಿಕೆಗೇ ಕಳಿಸಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷ ಕೋರ್ಟಿನ ಎದುರು ಬೆರಳಚ್ಚು ಯಂತ್ರ ಇಟ್ಟುಕೊಂಡು ಪರರ ಅರ್ಜಿಗಳನ್ನು ಬರೆದವನು. ಕಂಪ್ಯೂಟರು ಬಂದು ಆ ಕೆಲಸ ಹೋದ ಮೇಲೆ ಅಕ್ಕನ ಸೀಗಡಿ ಕೊಳಕ್ಕೆ ಜೊತೆಯಾದೆ. ಜೊತೆ ಎಂದರೆ, ಅವಳು ಹೇಳುತ್ತಾಳೆ, ನಾನು ಮಾಡುತ್ತೇನೆ. ಹದಿನೈದು ವರ್ಷದಿಂದ ಸೀಗಡಿ ಸಾಕುತ್ತಿರುವ ಅಕ್ಕ ದಿನಕ್ಕೆ ನಾಲ್ಕು ಸಲ ಮೇವಿನ ತಟ್ಟೆಯನ್ನು ನೀರಿನಿಂದ ಎತ್ತಿ, ಎಷ್ಟು ತಿಂದಿವೆ, ಎಷ್ಟು ಬಿಟ್ಟಿವೆ ಎಂದು ನೋಡುತ್ತಾಳೆ. ನಾನು ಊಟ ಬಿಟ್ಟರೆ ಅವಳಿಗೆ ಗೊತ್ತಾಗುವುದು ಎರಡು ದಿನ ತಡವಾಗಿ. ಸೀಗಡಿ ಬಿಟ್ಟರೆ ಎರಡು ತಾಸಿನಲ್ಲಿ ಗೊತ್ತಾಗುತ್ತದೆ.

ಮರಿ ಬಿಟ್ಟ ಎಪ್ಪತ್ತನೆಯ ದಿನ ತಟ್ಟೆಯಲ್ಲಿ ಹಾಕಿದ ಮೇವು ಹಾಗೇ ಇತ್ತು. ಮರುದಿನವೂ ಅಷ್ಟೇ. ಹಾಡಹಗಲಿನ ಬಿಸಿಲಿನಲ್ಲಿ ಸೀಗಡಿಗಳು ತಳ ಬಿಟ್ಟು ದಂಡೆಯ ಹತ್ತಿರ ತೇಲಾಡತೊಡಗಿದವು. ಅಕ್ಕ ಒಂದರ ಚಿಪ್ಪು ಬಿಡಿಸಿ ಬೆಳಕಿಗೆ ಹಿಡಿದಳು. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು.

“ಇದು ಅದೇನಾ?” ಎಂದು ಕೇಳಿದೆ.

“ಇರಬಹುದು. ನೀರು ಕೆಟ್ಟರೂ ಹೀಗೇ ಚುಕ್ಕೆ ಬರತ್ತೆ. ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ,” ಎಂದಳು.

ಹವಾನಿಯಂತ್ರಿತ ಕೋಣೆಯಲ್ಲಿ ಕೂತವರಿಗೆ ಈ ‘ಹೇಳೋಕಾಗಲ್ಲ’ ಎಂಬುದರ ಭಾರ ತಿಳಿಯದೆ ಇರಬಹುದು. ನೀರು ಕೆಟ್ಟಿದ್ದರೆ ತೂಬು ತೆಗೆದು ಕೊಳದ ನೀರನ್ನು ಕಾಲುವೆಗೆ ಬಿಟ್ಟು ಹೊಸ ನೀರು ತುಂಬಿಸಬೇಕು. ತಡಮಾಡಿದರೆ ಫಸಲು ಸಾಯುತ್ತದೆ. ಬಿಳಿ ಚುಕ್ಕೆ ರೋಗದ ವೈರಸ್ಸಾದರೆ ಯಾವ ಕಾರಣಕ್ಕೂ ತೂಬು ತೆಗೆಯಬಾರದು. ಅದೇ ಕಾಲುವೆಯಿಂದ ಇಪ್ಪತ್ತೇಳು ಕೊಳಗಳು ನೀರು ತುಂಬಿಸಿಕೊಳ್ಳುತ್ತವೆ. ಒಂದೇ ಲಕ್ಷಣಕ್ಕೆ ಎರಡು ಚಿಕಿತ್ಸೆ, ಒಂದಕ್ಕೊಂದು ತದ್ವಿರುದ್ಧ. ಈ ಸಂದಿಗ್ಧದಿಂದ ನಮ್ಮನ್ನು ಪಾರುಮಾಡಲೆಂದೇ ಅಲ್ಲವೇ ಜೈವಿಕ ತಂತ್ರಜ್ಞಾನವೆಂಬ ದೊಡ್ಡ ಹೆಸರನ್ನು ಗೇಟಿನ ಮೇಲೆ ಬರೆಸಿ ತಮ್ಮ ಕೇಂದ್ರವನ್ನು ಕಟ್ಟಿಸಿದ್ದು?

ಹಾಗೆಂದುಕೊಂಡೇ ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಸೀಗಡಿ ಹಾಕಿಕೊಂಡು ತಮ್ಮಲ್ಲಿಗೆ ಬಂದೆ. ಒಳಗೆ ಕಾಲಿಟ್ಟೊಡನೆ ಎದುರಾಗುವ ಗಾಜಿನ ತೊಟ್ಟಿ ಸೊಗಸಾಗಿದೆ. ಅದರಲ್ಲಿರುವ ಸೀಗಡಿಗಳು ಪ್ಲಾಸ್ಟಿಕ್ಕಿನವು ಎಂದು ಹತ್ತಿರ ಹೋದ ಮೇಲೆ ಗೊತ್ತಾಯಿತು. ಎಂದಿಗೂ ರೋಗ ಬಾರದ ತಳಿಯನ್ನು ತಮ್ಮ ಕೇಂದ್ರ ಕಂಡುಹಿಡಿದಿದೆಯೆಂಬ ಮಾತು ಸುಳ್ಳಲ್ಲ.

ಮಾದರಿ ಸ್ವೀಕರಿಸುವ ಕಿಟಕಿಯಲ್ಲಿದ್ದ ಗುಮಾಸ್ತರು ಡಬ್ಬಿಯೊಳಗೆ ಬೆರಳಾಡಿಸಿ ಎಣಿಸಿದರು.

“ಒಂಬತ್ತಿದೆ. ಹತ್ತು ಇರಬೇಕು.”

“ಒಂಬತ್ತರಲ್ಲಿ ರೋಗ ಇದ್ದರೆ ಹತ್ತನೆಯದರಲ್ಲೂ ಇರತ್ತಲ್ಲ ಸಾರ್?”

“ಅದು ಪರೀಕ್ಷೆ ಮಾಡೋರು ಹೇಳಬೇಕು. ನಾನು ಎಣಿಸೋನು.”

ಅರ್ಧ ತಾಸು ವಾದ ಮಾಡಿದ ಮೇಲೆ ಅವರೇ ಕರುಣೆಯಿಂದ ದಾರಿ ತೋರಿಸಿದರು: “ಹತ್ತನೆಯದನ್ನು ನಂತರ ಸಲ್ಲಿಸಲಾಗುವುದು ಅಂತ ಬರೆದುಕೊಟ್ಟುಬಿಡಿ.” ಬರೆದುಕೊಟ್ಟೆ. ಕೋರ್ಟಿನ ಎದುರು ಕೂತಷ್ಟು ವರ್ಷವೂ ಸೀಗಡಿಯ ಪರವಾಗಿ ಮುಚ್ಚಳಿಕೆ ಬರೆದಿರಲಿಲ್ಲ. ವರದಿ ಯಾವಾಗ ಸಿಗುತ್ತದೆಂದು ಕೇಳಿದ್ದಕ್ಕೆ, “ಬರತ್ತೆ, ಪೋಸ್ಟಲ್ಲಿ,” ಎಂದರು.

ಆಗ ಕಿಟಕಿಯ ಹಿಂದಿನಿಂದ ಹಾದುಹೋಗುತ್ತಿದ್ದ ತಂತ್ರಜ್ಞೆ ನನ್ನ ಗುರುತು ಹಿಡಿದು ನಿಂತರು. ಎರಡು ವರ್ಷದ ಹಿಂದೆ, ರೋಗ ಪತ್ತೆಹಚ್ಚುವ ಹೊಸ ಕಾಗದದ ಪಟ್ಟಿಯೊಂದರ ಪ್ರಯೋಗಕ್ಕೆಂದು ಆಕೆ ತಿಂಗಳುಗಟ್ಟಲೆ ನಮ್ಮ ಕೊಳಕ್ಕೆ ಬಂದಿದ್ದರು. ನೂರಾರು ಸೀಗಡಿಗಳನ್ನು ಅಕ್ಕ ತಾನೇ ಹಿಡಿದು ಕೊಟ್ಟಿದ್ದಳು. ನಮ್ಮ ಸೀಗಡಿಯನ್ನು ಅರೆದು ಅರೆದೇ ಆ ಪಟ್ಟಿ ಸಿದ್ಧವಾಯಿತು. ಸೀಗಡಿಯ ಒಂದು ಕಾಲನ್ನು ದ್ರಾವಣದಲ್ಲಿ ಅರೆದು ಬೆರಳುದ್ದದ ಪಟ್ಟಿಯನ್ನು ಅದ್ದಿದರೆ ಸಾಕು. ಒಂದು ಗೆರೆ ಬಂದರೆ ವೈರಸ್ ಕಂಡುಬಂದಿಲ್ಲ, ಎರಡು ಬಂದರೆ ಇದೆ. ನಿಜಕ್ಕೂ ಒಳ್ಳೆಯ ಸಂಶೋಧನೆ. ಈ ಮಾತಿನಲ್ಲಿ ವ್ಯಂಗ್ಯವಿಲ್ಲ.

ವ್ಯಂಗ್ಯವಿರುವುದು ಆಮೇಲಿನದರಲ್ಲಿ. ಆ ಪಟ್ಟಿ ತಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿದೆ, ಗೇಟಿನ ಫಲಕದ ಮೇಲೆ ಇದೆ, ತಾವು ಅದನ್ನು ಕೈಯಲ್ಲಿ ಹಿಡಿದು ನಿಂತ ಭಾವಚಿತ್ರದಲ್ಲಿಯೂ ಇದೆ. ಕೊಳದ ದಂಡೆಯೊಂದನ್ನು ಬಿಟ್ಟು ಎಲ್ಲ ಕಡೆಯೂ ಇದೆ. ಕಾರಣ, ಬಿಡುಗಡೆ ಸಮಾರಂಭವಾಗಿಲ್ಲ. ಗಣ್ಯರ ದಿನಾಂಕ ನಾಲ್ಕು ಸಲ ಮುಂದೆ ಹೋಗಿದೆ. ಮೊದಲು ತಯಾರಿಸಿದ ಕಂತು ಫ್ರಿಜ್ಜಿನಲ್ಲೇ ಅವಧಿ ಮುಗಿದು ಕಸಕ್ಕೆ ಹೋಯಿತು. ಸಮಾರಂಭಕ್ಕೆ ಬೇಕಾಗುತ್ತದೆಂದು ಎರಡನೆಯ ಕಂತು ಮಾಡಿಸಿ ಬೀಗ ಹಾಕಿದ್ದೀರಿ. ರಿಬ್ಬನ್ನು ಕತ್ತರಿಸುವವರೆಗೆ ಕಾಯಬೇಕೆಂದು ವೈರಸ್ಸಿಗೂ ಒಂದು ಸುತ್ತೋಲೆ ಕಳಿಸಿದ್ದರೆ ಚೆನ್ನಾಗಿತ್ತು.

“ಮೇವು ತಿಂತಿದಾವಾ?” ಎಂದು ತಂತ್ರಜ್ಞೆ ಕೇಳಿದರು.

“ಎರಡು ದಿನದಿಂದ ಇಲ್ಲ.”

ಆಕೆ ತಲೆಯಾಡಿಸಿ ಒಳಗೆ ಹೋದರು. ಸಂಜೆ ಐದೂವರೆಗೆ ಕೊಳದ ಹತ್ತಿರ ಒಂದು ಸ್ಕೂಟರು ನಿಂತಿತು. ಕೈಚೀಲದಿಂದ ಪುಟ್ಟ ಕೊಳವೆ, ದ್ರಾವಣ, ಒಂದೇ ಒಂದು ಪಟ್ಟಿ ಹೊರಬಂದವು. ಅಕ್ಕ ಸೀಗಡಿ ಹಿಡಿದುಕೊಟ್ಟಳು. ಮೇವಿನ ಚೀಲಗಳ ಮೇಲೆ ಪಟ್ಟಿಯನ್ನಿಟ್ಟು ಮೂವರೂ ಬಗ್ಗಿ ನೋಡುತ್ತ ಕೂತೆವು. ಮೊದಲ ಗೆರೆ ಬೇಗ ಮೂಡಿತು. ಎರಡನೆಯದು ಬಹಳ ಹೊತ್ತು ಬರಲಿಲ್ಲ. ಬಾರದೇ ಹೋಗಬಹುದೆಂದು ನಾನು ಉಸಿರು ಬಿಡುವಷ್ಟರಲ್ಲಿ ತೆಳ್ಳಗೆ ಕಾಣಿಸಿಕೊಂಡು, ನೋಡುನೋಡುತ್ತ ಗಾಢವಾಯಿತು.

“ಅಮ್ಮ, ಇದೆ,” ಎಂದರು ತಂತ್ರಜ್ಞೆ. “ತೂಬು ತೆಗೀಬೇಡಿ.”

ಈಗ ನನ್ನ ಮಾನ ಹೋಗುವ ಭಾಗ. ಮುಚ್ಚಿಟ್ಟರೆ ಪತ್ರಕ್ಕೆ ಬೆಲೆಯಿರುವುದಿಲ್ಲ. ಆಕೆ ಹೋದ ಮೇಲೆ ನಾನು ಅಕ್ಕನಿಗೆ ತೂಬು ತೆಗೆಯೋಣವೆಂದೆ. ನೀರು ಬಿಟ್ಟರೆ ಎರಡು ತಾಸಿನಲ್ಲಿ ಇಡೀ ಫಸಲು ತೂಬಿನ ಬಾಯಿಗೆ ಕಟ್ಟಿದ ಬಲೆಗೆ ಬೀಳುತ್ತದೆ. ಮನುಷ್ಯರಿಗೆ ತಗಲುವ ರೋಗವಲ್ಲ, ಬದುಕಿರುವುದನ್ನು ಮಾರಿದರೆ ತಪ್ಪೂ ಇಲ್ಲ. ಬಿಡದಿದ್ದರೆ ಬೀಸುಬಲೆಗೆ ಸಿಕ್ಕಷ್ಟೇ ನಮ್ಮದು, ಉಳಿದದ್ದು ತಳದಲ್ಲೇ ಸಾಯುತ್ತದೆ.

“ಯಾರಿಗೂ ಗೊತ್ತಾಗಲ್ಲಕ್ಕ. ವರದಿ ಬರೋದು ಯಾವಾಗಲೋ.”

ಅಕ್ಕ ಪಟ್ಟಿಯನ್ನು ಎತ್ತಿ ನನ್ನ ಮುಂದಿಟ್ಟಳು. “ಇದನ್ನ ನೋಡೋ ಮುಂಚೆ ತೆಗೆದಿದ್ರೆ ತಪ್ಪು ಅಂತಿದ್ರು. ನೋಡಿದ ಮೇಲೆ ತೆಗೆದ್ರೆ ಅದಕ್ಕೆ ಬೇರೆ ಹೆಸರಿದೆ. ಅರ್ಜಿ ಬರೆಯೋನು ನೀನು, ನಿನಗೇ ಗೊತ್ತಿರತ್ತೆ.”

ಗೊತ್ತಿತ್ತು. ಬಾಯಿ ಮುಚ್ಚಿಕೊಂಡು ಬೀಸುಬಲೆ ತಂದೆ. ಸಿಕ್ಕದ್ದು ನಾಲ್ಕು ಬುಟ್ಟಿ. ಆಮೇಲೆ ಇಡೀ ಕೊಳಕ್ಕೆ ಬ್ಲೀಚಿಂಗ್ ಪುಡಿ ಸುರಿದೆವು. ಏಡಿಗಳು ರೋಗ ಹೊತ್ತುಕೊಂಡು ಪಕ್ಕದ ಕೊಳಕ್ಕೆ ಹೋಗದಂತೆ ದಂಡೆಯ ಸುತ್ತ ಪ್ಲಾಸ್ಟಿಕ್ ಹಾಳೆಯ ಬೇಲಿ ಕಟ್ಟಿದೆವು. ಸತ್ತ ಸೀಗಡಿ ಕಚ್ಚಿಕೊಂಡು ಹೋಗಲು ಬರುವ ಹಕ್ಕಿಗಳನ್ನು ಓಡಿಸಲು ಅಕ್ಕ ಮೂರು ದಿನ ಬಿಸಿಲಿನಲ್ಲಿ ನಿಂತು ತಗಡು ಬಡಿದಳು. ಎಪ್ಪತ್ತು ದಿನ ತಾನೇ ಸಾಕಿದ್ದನ್ನು ತಾನೇ ಕೊಂದವಳು ಒಂದು ಸಲವೂ ಅಳಲಿಲ್ಲ. ನಾಲ್ಕನೆಯ ದಿನ ಅಭ್ಯಾಸಬಲದಿಂದ ಮೇವಿನ ತಟ್ಟೆ ಎತ್ತಲು ಹೋಗಿ, ಬರಿಯ ಹಗ್ಗ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ನಾನು ಬೇರೆ ಕಡೆ ನೋಡಿದೆ.

ಉಳಿದ ಇಪ್ಪತ್ತಾರು ಕೊಳಗಳಲ್ಲಿ ಒಂದಕ್ಕೂ ರೋಗ ತಗಲಲಿಲ್ಲ. ಅವರೆಲ್ಲ ಫಸಲು ತೆಗೆದು ಕೊಳ ಒಣಗಿಸುವ ಹೊತ್ತಿಗೆ ತಮ್ಮ ವರದಿ ಬಂತು. “ಮಾದರಿಯಲ್ಲಿ ಬಿಳಿ ಚುಕ್ಕೆ ರೋಗದ ವೈರಸ್ ಪತ್ತೆಯಾಗಿದೆ. ಕೂಡಲೇ ಸೂಕ್ತ ಕ್ರಮ ಕೈಗೊಳ್ಳುವುದು.” ಆ ‘ಕೂಡಲೇ’ ಎಂಬ ಪದವನ್ನು ನಾನು ಬಹಳ ಹೊತ್ತು ನೋಡಿದೆ. ಕೆಳಗೆ ಷರಾ: “ಹತ್ತನೆಯ ಮಾದರಿ ಈವರೆಗೆ ಸಲ್ಲಿಕೆಯಾಗಿಲ್ಲ.”

ಇನ್ನು ತಂತ್ರಜ್ಞೆಯ ಮೇಲಿನ ಆರೋಪಗಳು. ಬಿಡುಗಡೆಯಾಗದ ಪಟ್ಟಿಯೊಂದನ್ನು ಹೊರಗೆ ಒಯ್ದದ್ದು, ಫಲಿತಾಂಶವನ್ನು ಸಹಿಯಿಲ್ಲದೆ ಬಾಯಿಮಾತಿನಲ್ಲಿ ತಿಳಿಸಿದ್ದು, ಕಚೇರಿಯ ಕೆಲಸಕ್ಕೆ ಅನುಮತಿಯಿಲ್ಲದೆ ಸ್ವಂತ ಸ್ಕೂಟರು ಬಳಸಿದ್ದು. ಫಲಿತಾಂಶ ತಪ್ಪೆಂದು ತಾವೂ ಹೇಳಿಲ್ಲ. ಹೇಳಲು ಬರುವಂತೆಯೂ ಇಲ್ಲ, ತಮ್ಮದೇ ಮೊಹರು ಅಡ್ಡ ಬರುತ್ತದೆ. ಹಾಗಾದರೆ ನಿಯಮದ ಪ್ರಕಾರ ಆಕೆ ಏನು ಮಾಡಬೇಕಿತ್ತು? ಬೀಗದೊಳಗೆ ಉತ್ತರ ಇಟ್ಟುಕೊಂಡು, ಕಿಟಕಿಯ ಹೊರಗಿನವನಿಗೆ ನಮಸ್ಕಾರ ಹೇಳಿ ಮನೆಗೆ ಹೋಗಬೇಕಿತ್ತೇ? ತಮ್ಮ ಕೇಂದ್ರದಿಂದ ಇಷ್ಟು ವರ್ಷದಲ್ಲಿ ಕೊಳದವರಿಗೆ ತಲುಪಿದ ಏಕೈಕ ಸಂಶೋಧನೆ ಸ್ಕೂಟರಿನಲ್ಲಿ ಬಂತು. ಅದಕ್ಕೂ ನೋಟಿಸು.

ನಮಗೆ ಪರಿಹಾರ ಬೇಡ. ನೋಟಿಸನ್ನು ವಾಪಸು ಪಡೆಯಿರಿ. ಪಟ್ಟಿಗಳನ್ನು ಕಾಲುವೆಯ ಕೊಳಗಳಿಗೆ ಹಂಚಿ, ಬಳಸುವುದನ್ನು ಕಲಿಸಲು ಆಕೆಯನ್ನೇ ಕಳಿಸಿ. ಗಣ್ಯರು ಬಂದಾಗ ಖಾಲಿ ಪೆಟ್ಟಿಗೆಗೆ ರಿಬ್ಬನ್ನು ಕಟ್ಟಿಕೊಡಿ. ಚಿತ್ರದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇದಿಷ್ಟನ್ನು ಬರೆದು ಮುಗಿಸುವಾಗ ಇನ್ನೊಂದು ಸಂಗತಿ ಸೇರಿಕೊಂಡಿತು. ನಮ್ಮದೊಂದನ್ನು ಬಿಟ್ಟು ಕಾಲುವೆಯ ಕೊಳಗಳಲ್ಲೆಲ್ಲ ಈಗ ಮುಂದಿನ ಬೆಳೆಯ ಮರಿ ಬಿಟ್ಟಾಗಿದೆ. ಇದೇ ವರ್ಷ ಮೊದಲ ಸಲ ಸೀಗಡಿ ಬಿಟ್ಟ ಹೆಂಗಸೊಬ್ಬಳು ಕಾಲುವೆಯ ಮೇಲ್ಭಾಗದಲ್ಲಿದ್ದಾಳೆ. ನಿನ್ನೆ ಬೆಳಿಗ್ಗೆ ಓಡುತ್ತ ಬಂದಳು. ಅವಳ ಸೀಗಡಿಗಳು ಮೇವು ಬಿಟ್ಟು ದಂಡೆಗೆ ಬಂದಿವೆ. ಅಕ್ಕ ಹೋಗಿ ನೋಡಿ, “ಇರಬಹುದು, ಇಲ್ಲದೇನೂ ಇರಬಹುದು,” ಎಂದಳು. ತಂತ್ರಜ್ಞೆಗೆ ಫೋನು ಮಾಡಿದೆವು. “ಅಮ್ಮ, ಫ್ರಿಜ್ಜಿನ ಕೀಲಿ ಈಗ ನನ್ನ ಕೈಲಿಲ್ಲ,” ಎಂದರು. ತಮ್ಮ ಕಿಟಕಿಯಲ್ಲಿ ಮಾದರಿ ಕೊಟ್ಟಾಗಿದೆ. ಈ ಸಲ ಹತ್ತೂ ಇವೆ. ತೂಬು ತೆಗೆ ಎಂದು ಅವಳ ಮನೆಯವರೆಲ್ಲ ಒತ್ತಾಯಿಸುತ್ತಿದ್ದಾರೆ.

“ನೀವು ತೆಗೀಲಿಲ್ಲ ಅಂತ ನಾನೂ ತೆಗೆಯಲ್ಲ,” ಎಂದು ಅವಳು ಅಕ್ಕನಿಗೆ ಹೇಳಿದಳು. “ಮೂರು ದಿನ ಕಾಯ್ತೀನಿ. ಅದರ ಮೇಲೆ ನನ್ನ ಕೈಲಾಗಲ್ಲ.”

ಒಂದು ದಿನ ಈ ಪತ್ರ ಬರೆಯುವುದರಲ್ಲಿ ಹೋಯಿತು. ಇನ್ನೊಂದು ಅಚ್ಚಾಗುವುದರಲ್ಲಿ ಹೋಗುತ್ತದೆ. ಉಳಿದ ಒಂದು ದಿನ ತಮ್ಮದು.

ಇಂತಿ,
ಬೇಲಿ ಕಟ್ಟಲು ಮತ್ತೆ ಪ್ಲಾಸ್ಟಿಕ್ ಹಾಳೆ ಹೊಂದಿಸುತ್ತಿರುವ,
ಸದ್ಯಕ್ಕೆ ಸೀಗಡಿಯಿಲ್ಲದ ಸೀಗಡಿ ಸಾಕಣೆದಾರ